ಬೆರಳಿಟ್ಟರೆ ಸುಮ್ಮನಾಗುತ್ತಿದ್ದ ಸೀಟಿ

ವೈರ್‌ಲೆಸ್ ಸೆಟ್ಟು ರಿಪೇರಿ ಮಾಡುವವನ ಹತ್ತಿರ ಯಾರೂ ಬಂದು "ಏನಾದ್ರೂ ತಮಾಷೆ ನಡೆದಿದ್ರೆ ಹೇಳಿ" ಅಂತ ಕೇಳುವುದಿಲ್ಲ. ಕೇಳಿದ್ದರೆ ನನಗೆ ರಿಟೈರ್ ಆಗುವುದಕ್ಕೂ ಪುರುಸೊತ್ತು ಸಿಗುತ್ತಿರಲಿಲ್ಲ. ಮಾತನ್ನು ಗಾಳಿಯಲ್ಲಿ ಕಳಿಸುವ ಕೆಲಸ ಇದು. ಆಡಿದ ಮಾತು ಆಡಿದ ಹಾಗೇ ತಲುಪಿದ ದಿನ ಏನೂ ನಡೆಯುವುದಿಲ್ಲ. ತಲುಪದ ದಿನ ನಡೆಯುವುದೆಲ್ಲ ಪ್ರಸಂಗವೇ. ನನ್ನ ಸರ್ವೀಸಿನಲ್ಲಿ ತಲುಪದ ದಿನಗಳೇ ಜಾಸ್ತಿ.

ತೊಂಬತ್ತರ ದಶಕದಲ್ಲಿ ನಾನು ಶ್ರೀರಂಗಪಟ್ಟಣದಲ್ಲಿದ್ದೆ. ನಾಲೆ, ತೂಬು, ನೀರಿನ ಮಟ್ಟ ನೋಡಿಕೊಳ್ಳುವ ಇಲಾಖೆಗೆ ನಾನೊಬ್ಬನೇ ವೈರ್‌ಲೆಸ್ ಮೆಕ್ಯಾನಿಕ್. ಹಳೇ ಕ್ವಾರ್ಟರ್ಸಿನ ಒಂದು ಕೋಣೆ ನನ್ನ ವರ್ಕ್‌ಶಾಪು. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಅಕ್ಕಿಹೆಬ್ಬಾಳು, ಈ ನಾಲ್ಕು ಕಡೆ ಒಂದೊಂದು ಸೆಟ್ಟು, ಒಬ್ಬೊಬ್ಬ ಆಪರೇಟರು. ಅವರು ಬೆಳಿಗ್ಗೆ ನೀರಿನ ಮಟ್ಟ ಹೇಳಬೇಕು. ಕೆ.ಆರ್.ಎಸ್.ನಲ್ಲಿ ಕೂತ ಇಂಜಿನಿಯರ್ ಸಾಹೇಬರು ಅದನ್ನು ಕೇಳಿಸಿಕೊಂಡು ಯಾವ ಗೇಟು ಎಷ್ಟು ಎತ್ತಬೇಕು ಅಂತ ತಿರುಗಿ ಹೇಳಬೇಕು. ಫೋನುಗಳೂ ಇದ್ದವು. ಮಳೆ ಬಂದರೆ ಮೊದಲು ಸತ್ತುಹೋಗುತ್ತಿದ್ದದ್ದು ಅವೇ.

೧. ಬೈಗುಳ ಕೇಳಿಸದ ಸುಖ

ಒಂದು ಬೇಸಿಗೆಯಲ್ಲಿ ಬೆಂಗಳೂರಿನ ಯಾವುದೋ ಕಂಪನಿ ನಮ್ಮ ನಾಲ್ಕೂ ಸ್ಟೇಷನ್ನಿನ ಸೆಟ್ಟಿಗೆ ಹೊಸ ಕಾರ್ಡು ಕೊಟ್ಟಿತು. ಕಾರ್ಡು ಅಂದರೆ ಅಂಗೈ ಅಗಲದ ಹಸಿರು ಹಲಗೆ, ಮೇಲೆಲ್ಲ ಪುಟ್ಟಪುಟ್ಟ ಬಿಡಿಭಾಗ. ಅದನ್ನು ಒಳಗೆ ಕೂರಿಸಿದರೆ ನೀರಿನ ಮಟ್ಟ ಸೆಟ್ಟಿನ ಮುಖದ ಮೇಲೆ ಕೆಂಪು ಅಂಕಿಯಲ್ಲಿ ಬೆಳಗುತ್ತದೆ ಅಂದರು. ಬೆಳಗಿತು, ಸುಳ್ಳೇಕೆ ಹೇಳಲಿ. ಜೊತೆಗೆ ಸೀಟಿಯೂ ಹೊಡೆಯಿತು. "ಕುಂಯ್" ಅಂತ ಕಿವಿ ಕೊರೆಯುವ ಒಂದೇ ಸ್ವರ, ಉಸಿರು ತೆಗೆದುಕೊಳ್ಳದೆ.

ಕೆ.ಆರ್.ಎಸ್.ನಲ್ಲಿದ್ದದ್ದು ಹಳೇ ದೊಡ್ಡ ಸೆಟ್ಟು. ಅದಕ್ಕೆ ಹೊಸ ಕಾರ್ಡೂ ಇಲ್ಲ, ಸೀಟಿಯೂ ಇಲ್ಲ. ಹಾಗಾಗಿ ಸ್ಟೇಷನ್ನಿನವರು ಹೇಳಿದ್ದು ಸಾಹೇಬರಿಗೆ ಸೊಗಸಾಗಿ ಕೇಳುತ್ತಿತ್ತು. ಸಾಹೇಬರು ಹೇಳಿದ್ದು ಮಾತ್ರ ಸ್ಟೇಷನ್ನಿನಲ್ಲಿ ಸೀಟಿಯೊಳಗೆ ಮುಳುಗಿಹೋಗುತ್ತಿತ್ತು. ನಮ್ಮ ಸಾಹೇಬರಿಗೋ ಬೆಳಿಗ್ಗೆ ನಾಲ್ಕು ಜನಕ್ಕೆ ಬೈಯದಿದ್ದರೆ ತಿಂಡಿ ಸೇರುವುದಿಲ್ಲ.

ಅವರು ಮೈಕು ಹಿಡಿದು, "ಏನಯ್ಯ ಪಾಂಡವಪುರ, ಹೇಳಿದ ಗೇಟು ಬಿಟ್ಟು ಬೇರೆ ಗೇಟು ಎತ್ತಿದ್ದೀಯಲ್ಲ, ನಿನಗೆ ನಾಚಿಕೆ ಆಗಲ್ವಾ?" ಅಂದರೆ, ಸ್ವಲ್ಪ ಹೊತ್ತು ಬಿಟ್ಟು ಅಂದಾಜಿನ ಮೇಲೆ ಉತ್ತರ ಬರುತ್ತಿತ್ತು.

"ನೆನ್ನೆ ಇದ್ದಂಗೇ ಐತೆ ಸಾ, ಒಸಿ ಕಮ್ಮಿ ಆಗದೆ. ಓವರ್."

ಸಾಹೇಬರು ನನ್ನನ್ನು ಕರೆಸಿದರು. "ನೋಡಯ್ಯ, ಮುಂಗಾರಿಗೆ ಮುಂಚೆ ಚೀಫ್ ಸಾಹೇಬ್ರು ಬರ್ತಾರೆ. ಇಲ್ಲೇ ಕೂತು ನಾಲ್ಕೂ ಸ್ಟೇಷನ್ ಜೊತೆ ಮಾತಾಡ್ತಾರಂತೆ. ಸರಿಯಾಗಿ ಮಾತು ನಡೀಲಿಲ್ಲ ಅಂದ್ರೆ ರಿಪೇರಿ ಕೆಲಸ ಪೂರ್ತಿ ಆ ಕಂಪನಿಗೇ ಕೊಟ್ಬಿಡ್ತಾರೆ. ನಿನ್ನ ವರ್ಕ್‌ಶಾಪಿಗೆ ಬೀಗ."

"ಮತ್ತೆ ನಾನು ಸಾರ್?"

"ನೀನು ನಾಗಮಂಗಲದ ಗೋದಾಮಿಗೆ. ಸಿಮೆಂಟ್ ಮೂಟೆ ಎಣಿಸ್ಕೊಂಡಿರು. ಇನ್ನೊಂದು, ಆ ಕಾರ್ಡಿಗೆ ಸಾಲ್ಡರ್ ಗೀಲ್ಡರ್ ಮುಟ್ಟಿಸ್ಬೇಡ. ಮುಟ್ಟಿಸಿದ್ರೆ ವಾರಂಟಿ ಹೋಗುತ್ತೆ ಅಂತ ಬರೆದುಕೊಟ್ಟಿದ್ದಾರೆ."

ಆ ಕೋಣೆ, ಆ ಹಳೇ ಮೇಜು, ತಂತಿ ಬೆಸೆಯುವ ಸಾಲ್ಡರ್ ಹೊಗೆಯ ವಾಸನೆ, ನನಗೆ ಮನೆಗಿಂತ ಹೆಚ್ಚು. ಸಿಮೆಂಟ್ ಮೂಟೆ ಸೀಟಿಯನ್ನೂ ಹೊಡೆಯುವುದಿಲ್ಲ, ಅದರ ಜೊತೆ ನಾನು ಏನು ಮಾತಾಡಲಿ? ಅದೇ ದಿನ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋದೆ. ಅಲ್ಲಿನ ಆಪರೇಟರು ಕ್ಯಾತನಹಳ್ಳಿಯವನು, ಕಬ್ಬಿನ ಗದ್ದೆ ಇದ್ದ ಜನ. "ಹೆದರಬೇಡ ಕಣಯ್ಯ, ನಿನ್ನ ಸೀಟಿ ನಿಲ್ಲಿಸೋಕೆ ಬಂದಿದ್ದೀನಿ" ಅಂದೆ. ಅವನ ಮುಖ ಸಪ್ಪಗಾಯಿತು.

"ಏನ್ ಅರ್ಜೆಂಟು ಬುಡಿ ಸಾ. ಈ ಕೆಲ್ಸುಕ್ಕೆ ಸೇರಿ ಇಷ್ಟ್ ವರ್ಸಾಯ್ತು, ಈಗ್ಲೇ ನಾವು ಒಸಿ ನೆಮ್ದಿಯಾಗಿರೋದು."

೨. ಪಾಂಡವಪುರದ ಫ್ಯೂಸು

ಸೀಟಿ ಹೊರಗಿನಿಂದ ಬರುತ್ತಿದೆ ಅಂತ ನನಗೆ ಗಟ್ಟಿ ನಂಬಿಕೆ. ಹೊಸ ಕಾರ್ಡಿನ ಮೇಲೆ ಅನುಮಾನ ಪಡುವುದಕ್ಕೆ ಮುಂಚೆ ಹಳೇ ಬೀದಿಯ ಮೇಲೆ ಅನುಮಾನ ಪಡುವುದು ನಮ್ಮ ಕಸುಬಿನ ಕ್ರಮ. ಆ ಸ್ಟೇಷನ್ನಿನ ಎದುರಿಗೇ ಹಿಟ್ಟಿನ ಗಿರಣಿ, ಪಕ್ಕದಲ್ಲಿ ಹೋಟೆಲಿನ ರುಬ್ಬುವ ಮೋಟಾರು, ಅದರಾಚೆ ಟೀವಿ ಅಂಗಡಿ. ಮೋಟಾರು ತಿರುಗಿದರೆ ಕಿಡಿ, ಕಿಡಿ ಹಾರಿದರೆ ವೈರ್‌ಲೆಸ್ಸಿಗೆ ಕಾಟ. ಒಂದೊಂದನ್ನೇ ನಿಲ್ಲಿಸಿ ನೋಡೋಣ ಅಂತ ಹೊರಟೆ.

ಗಿರಣಿಯವನು ನಿಲ್ಲಿಸಿದ. ಸೀಟಿ ನಿಲ್ಲಲಿಲ್ಲ. ಹೋಟೆಲಿನವನು ಗೊಣಗಿಕೊಂಡು ನಿಲ್ಲಿಸಿದ. ಸೀಟಿ ಹಾಗೇ ಇತ್ತು. ಟೀವಿ ಅಂಗಡಿಯ ಮುಂದೆ ಮಾತ್ರ ಕಾಲಿಡಲು ಜಾಗ ಇಲ್ಲ. ಕ್ರಿಕೆಟ್ ಮ್ಯಾಚು, ಕೊನೇ ಘಟ್ಟ, ನಮ್ಮವರು ಸೋಲುವ ಹಾಗಿದ್ದಾರೆ. "ಒಂದು ನಿಮಿಷ ಟೀವಿ ಆಫ್ ಮಾಡ್ತೀರಾ?" ಅಂತ ನಾನು ಕೇಳಿದ್ದಕ್ಕೆ ಆ ಗುಂಪು ನನ್ನ ಕಡೆ ತಿರುಗಿ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ.

ನನಗೂ ಹಟ ಬಂತು. ಲೈನ್‌ಮನ್ ನಮ್ಮ ಆಪರೇಟರಿಗೆ ಭಾವಮೈದ ಆಗಬೇಕು. ಅವನನ್ನು ಕರೆದುಕೊಂಡು ಹೋಗಿ ಬೀದಿಯ ಫ್ಯೂಸನ್ನೇ ತೆಗೆಸಿದೆ. ಬೀದಿಗೆ ಬೀದಿ ಸುಮ್ಮನಾಯಿತು. ಟೀವಿ ಅಂಗಡಿಯ ಮುಂದಿನ ಜನ ಮಾತ್ರ ಸುಮ್ಮನಾಗಲಿಲ್ಲ, ಅವರು ಅಂದದ್ದನ್ನು ಬರೆಯುವ ಹಾಗಿಲ್ಲ. ನಮ್ಮ ಸೆಟ್ಟು ನಡೆಯುವುದು ಬ್ಯಾಟರಿಯ ಮೇಲೆ. ನಾನು ಓಡಿ ಬಂದು ಕಿವಿಯಿಟ್ಟೆ. ಇಡೀ ಬೀದಿಯಲ್ಲಿ ಯಾವ ಸದ್ದೂ ಅಡ್ಡ ಇಲ್ಲದ್ದರಿಂದ "ಕುಂಯ್" ಅನ್ನುವುದು ಇನ್ನೂ ಚೆನ್ನಾಗಿ ಕೇಳುತ್ತಿತ್ತು.

ಫ್ಯೂಸು ಹಾಕಿಸಿದೆ. ಟೀವಿ ಬಂತು. ಅಷ್ಟರಲ್ಲಿ ಮ್ಯಾಚು ಮುಗಿದಿತ್ತು, ನಮ್ಮವರು ಗೆದ್ದುಬಿಟ್ಟಿದ್ದರು. ಹೊಡೆಯಲು ಬರುತ್ತಿದ್ದ ಜನ ಅರ್ಧ ದಾರಿಯಲ್ಲಿ ನಿಂತರು. ಅವರಲ್ಲೊಬ್ಬ ಹಿರಿಯರು ಲೆಕ್ಕ ಹಾಕಿದ ಹಾಗೆ ತಲೆಯಾಡಿಸಿ, "ಇವ್ರು ಕರೆಂಟ್ ತೆಗ್ಸಿದ್ಕೇ ಕಣ್ರಲಾ ಗೆದ್ದಿದ್ದು" ಅಂದರು.

ಅಲ್ಲಿಂದ ಮುಂದೆ ಮ್ಯಾಚು ಬಿಗಿಯಾದಾಗಲೆಲ್ಲ ಆ ಬೀದಿಯಿಂದ ಒಬ್ಬ ನಮ್ಮ ಸ್ಟೇಷನ್ನಿಗೆ ಓಡಿಬಂದು ಕೇಳುತ್ತಿದ್ದನಂತೆ: "ನಿಮ್ ವೈರ್ಲೆಸ್ನೋರು ಬಂದವ್ರಾ? ಒಸಿ ಫ್ಯೂಸ್ ತೆಗುಸ್ಬೇಕಾಗಿತ್ತು."

೩. ಕೆ.ಆರ್. ಪೇಟೆಯ ಕಂಬ

ಬೀದಿಯ ತಪ್ಪಲ್ಲ ಅಂತಾಯಿತು. ಉಳಿದದ್ದು ಆಂಟೆನಾ. ಗಾಳಿಯಲ್ಲಿ ಅಲೆಯುವ ಸೀಟಿಯನ್ನು ಆಂಟೆನಾ ಹಿಡಿದು ತರುತ್ತಿರಬಹುದು. ಹಾಗಾದರೆ ಆಂಟೆನಾ ಬಿಚ್ಚಿದರೆ ಸೀಟಿ ನಿಲ್ಲಬೇಕು. ಕೆ.ಆರ್. ಪೇಟೆಯಲ್ಲಿ ಇದನ್ನು ಪರೀಕ್ಷೆ ಮಾಡಿದೆ. ಅಲ್ಲಿನ ಆಪರೇಟರು ಮಾತು ಕಡಿಮೆಯವನು. ಕಂಬ ಹತ್ತಬೇಕು ಅಂದದ್ದಕ್ಕೆ, "ಅತ್ಬೇಡಿ ಸಾ" ಅಂದ. ಯಾಕೆ ಅಂದರೆ "ಸುಮ್ಕೆ" ಅಂದ.

ನಾನು ಹತ್ತಿದೆ. ಆಂಟೆನಾದ ವೈರು ಬಿಚ್ಚಿದೆ. ಕೆಳಗಿನಿಂದ ಆಪರೇಟರು ಕೂಗಿದ, "ಸೀಟಿ ಅಂಗೇ ಐತೆ ಸಾ!" ಆಂಟೆನಾ ಇಲ್ಲದ ಸೆಟ್ಟಿಗೆ ಹೊರಗಿನ ಸದ್ದು ಎಲ್ಲಿಂದ ಬರಬೇಕು? ಕಳ್ಳ ಸೆಟ್ಟಿನ ಒಳಗೇ ಇದ್ದಾನೆ ಅಂತ ಆವತ್ತು ಖಾತ್ರಿಯಾಯಿತು. ಕಂಬದ ತುದಿಯಲ್ಲಿ ಕೂತು ಒಬ್ಬನೇ ಖುಷಿಪಟ್ಟೆ.

ಖುಷಿ ಮುಗಿಯುವ ಮುಂಚೆ ಕೆಳಗೆ ಗಲಾಟೆ ಕೇಳಿಸಿತು. ಅಕ್ಕಪಕ್ಕದ ಮನೆಗಳಿಂದ ಹೆಂಗಸರು ಸೊಂಟಕ್ಕೆ ಕೈಯಿಟ್ಟುಕೊಂಡು ಹೊರಗೆ ಬಂದಿದ್ದರು. ಕಂಬದಿಂದ ಒಂದೊಂದು ಮನೆಗೆ ಒಂದೊಂದು ವೈರು ಹೋಗಿರುವುದು ನನಗೆ ಆಗ ಕಾಣಿಸಿತು. ಬೀದಿಯ ಟೀವಿಗಳೆಲ್ಲ ಇಲಾಖೆಯ ಆಂಟೆನಾದ ಮೇಲೇ ಬದುಕಿದ್ದವು. ಆಪರೇಟರು "ಸುಮ್ಕೆ" ಅಂದದ್ದು ಇದಕ್ಕೇ.

ಮುಂದೆ ನಿಂತಿದ್ದ ಅಕ್ಕ ಕಂಬದ ತುದಿಗೆ ಕೈ ತೋರಿಸಿದಳು. "ಏನಣ್ಣ, ಮಧ್ಯಾಹ್ನದ ಸೀರಿಯಲ್ ಒಳ್ಳೇ ಗಳ್ಗೆಲಿ ಇತ್ತು. ಸರ್ಕಾರ್ದೋರು ಹಿಂಗ್ ಮಾಡಬೌದಾ?"

"ಅಮ್ಮ, ಇದು ನೀರಿನ ಮಟ್ಟ ಹೇಳೋಕೆ ಹಾಕಿರೋ ಕಂಬ" ಅಂದೆ.

"ನೀರ್ ಸಮಾಚಾರ ನಮ್ಗೂ ಗೊತ್ತು, ನಾಲೆ ತಾವ್ಲೇ ಬಟ್ಟೆ ಒಗೆಯೋದು. ನೀವು ವೈರ್ ಸಿಗ್ಸಿ ಇಳೀರಿ. ಇಲ್ದಿದ್ರೆ ಏಣಿ ತೆಗೀತೀವಿ."

ಸಿಗಿಸಿಯೇ ಇಳಿದೆ. ಇಳಿದ ಮೇಲೆ ಒಂದು ಲೋಟ ಮಜ್ಜಿಗೆ ಕೊಟ್ಟರು. ಜೊತೆಗೆ, ಕಂಬವನ್ನು ಸ್ವಲ್ಪ ಮೈಸೂರಿನ ಕಡೆಗೆ ತಿರುಗಿಸಿದರೆ ಚಿತ್ರ ಇನ್ನೂ ಚೆನ್ನಾಗಿ ಬರುತ್ತೆ ಅಂತ ಇಲಾಖೆಗೆ ಸಲಹೆಯನ್ನೂ ಕೊಟ್ಟರು.

೪. ನಾಗಮಂಗಲದಲ್ಲಿ ಬೆರಳು

ನಾಗಮಂಗಲದ ಸ್ಟೇಷನ್ನು ಆಪರೇಟರ ಮನೆಗೆ ಅಂಟಿಕೊಂಡಿತ್ತು. ಅಡುಗೆಮನೆಗೂ ಸೆಟ್ಟಿಗೂ ನಡುವೆ ಒಂದು ಬಾಗಿಲು. ಆ ಬಾಗಿಲಲ್ಲಿ ಯಾವಾಗಲೂ ಆಪರೇಟರ ಅವ್ವ. ಗಟ್ಟಿ ಹೆಂಗಸು, ಸುಗ್ಗಿಯಲ್ಲಿ ಕಣದ ತುಂಬ ಆಳುಗಳನ್ನು ಒಂದು ಕೂಗಿನಲ್ಲಿ ಎಬ್ಬಿಸಿದ ದನಿ. ಮಗ ದೊಡ್ಡ ಮೀಸೆಯವನು, ಅವ್ವನ ಮುಂದೆ ಮಾತ್ರ ಆ ಮೀಸೆ ಕೆಳಗಿಳಿಯುತ್ತಿತ್ತು.

ಸೆಟ್ಟಿನ ಮುಚ್ಚಳ ತೆಗೆದೆ. ಸಾಲ್ಡರ್ ಮುಟ್ಟಿಸಬಾರದು ಅಂದಿದ್ದರು, ಬೆರಳು ಮುಟ್ಟಿಸಬಾರದು ಅಂದಿರಲಿಲ್ಲ. ಒಂದೊಂದೇ ಬಿಡಿಭಾಗವನ್ನು ಬೆರಳಲ್ಲಿ ತಟ್ಟುತ್ತಾ ಹೋದೆ. ಕಾರ್ಡಿನ ನಡುವೆ ಒಂದು ಪುಟ್ಟ ಬೆಳ್ಳಿ ಬಣ್ಣದ ಡಬ್ಬಿ ನಿಂತಿತ್ತು. ಅದಕ್ಕೆ ಕ್ರಿಸ್ಟಲ್ಲು ಅನ್ನುತ್ತೇವೆ. ಒಳಗೊಂದು ಸ್ಫಟಿಕದ ಚೂರು ಒಂದೇ ಸಮ ನಡುಗುತ್ತಾ ಇಡೀ ಕಾರ್ಡಿಗೆ ತಾಳ ಹಾಕುತ್ತಿರುತ್ತದೆ. ಅದರ ಮೇಲೆ ಬೆರಳಿಟ್ಟೆ, ನೋಡಿ.

ಸೀಟಿ ನಿಂತಿತು.

ಬೆರಳು ತೆಗೆದೆ, "ಕುಂಯ್." ಇಟ್ಟೆ, ಮೌನ. ನಾನು ಕೂತಲ್ಲೇ ಕುಣಿದೆ. ಆ ಕ್ರಿಸ್ಟಲ್ಲು ನಡುಗುವುದು ಎಂಟು ಮೆಗಾಹರ್ಟ್ಸಿನಲ್ಲಿ. ಆದರೆ ಕಳ್ಳದನಿಯಲ್ಲಿ ಎರಡೆಂಟು, ಮೂರೆಂಟು ಅಂತ ಮಗ್ಗಿ ಹೇಳಿಕೊಂಡು ಮೇಲಕ್ಕೆ ಹತ್ತುತ್ತಲೇ ಇರುತ್ತದೆ. ನಮ್ಮ ಚಾನೆಲ್ಲು ನೂರೈವತ್ತೆರಡು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹತ್ತೊಂಬತ್ತೆಂಟ್ಲ ನೂರೈವತ್ತೆರಡು! ಶಾಲೆಯಲ್ಲಿ "ಹತ್ತೊಂಬತ್ತರ ಮಗ್ಗಿ ಯಾವ ಉಪಯೋಗಕ್ಕೆ ಬರುತ್ತೆ ಸಾರ್?" ಅಂತ ಕೇಳಿ ಮೇಷ್ಟ್ರ ಕೈಲಿ ಕಿವಿ ಹಿಂಡಿಸಿಕೊಂಡಿದ್ದೆ. ಉಪಯೋಗ ನಾಗಮಂಗಲದಲ್ಲಿ ಕಾದು ಕೂತಿತ್ತು.

ದಿನಾ ಆಪರೇಟರು ಒಬ್ಬನೇ ಬೆರಳಿಟ್ಟುಕೊಂಡು ಕೆ.ಆರ್.ಎಸ್.ಗೆ ಮಾತಾಡಬೇಕು ಅಂದರೆ ಮೈಕು ಹಿಡಿಯಲು ಒಂದು ಕೈ, ಬರೆದುಕೊಳ್ಳಲು ಒಂದು ಕೈ, ಬೆರಳಿಗೆ ಇನ್ನೊಂದು ಕೈ ಬೇಕು. ಆಪರೇಟರು ಅವ್ವನನ್ನು ಕರೆದ. ಬ್ಯಾಟರಿ ಸೆಟ್ಟು, ಶಾಕ್ ಹೊಡೆಯುವುದಿಲ್ಲ ಅಂತ ಧೈರ್ಯ ಹೇಳಿದ ಮೇಲೆ ಆಕೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಕ್ರಿಸ್ಟಲ್ಲಿನ ಮೇಲೆ ಬೆರಳಿಟ್ಟಳು.

"ಇಂಗೇನಪ್ಪಾ?"

"ಹಾಗೇ ಕಣವ್ವ, ಅಲ್ಲಾಡಿಸ್ಬೇಡಿ."

ಸಾಹೇಬರ ದನಿ ಗಂಟೆ ಬಾರಿಸಿದ ಹಾಗೆ ಬಂತು. ನಾನು ಬೀಗುತ್ತಾ ಕಂಡುಹಿಡಿದದ್ದನ್ನೆಲ್ಲ ವರದಿ ಒಪ್ಪಿಸಿದೆ. ಆಮೇಲೆ ಸಾಹೇಬರು ಬಹಳ ಮೆತ್ತಗೆ ಕೇಳಿದರು.

"ಒಳ್ಳೇದಯ್ಯ. ಈಗ ನಾಲ್ಕು ಸ್ಟೇಷನ್ನಿಗೆ ಒಂದೊಂದು ಬೆರಳು ಸ್ಯಾಂಕ್ಷನ್ ಮಾಡ್ಬೇಕು. ಪರ್ಮನೆಂಟಾ, ದಿನಗೂಲಿನಾ?"

೫. ಕ್ರಿಸ್ಟಲ್ಲಿಗೆ ಟೋಪಿ

ಬೆರಳಿನ ಬದಲು ಏನಾದರೂ ಬೇಕು. ಕಂಪನಿಗೆ ಫೋನ್ ಮಾಡಿದರೆ ಅಲ್ಲಿನ ಇಂಜಿನಿಯರು, "ನಮ್ಮ ಕಾರ್ಡಲ್ಲಿ ದೋಷ ಇಲ್ಲ. ನಿಮ್ಮ ಕಡೆ ಹವಾ ಸರಿಯಿಲ್ಲ. ಮತ್ತೆ ಬೆರಳಿಡ್ಬೇಡಿ, ವಾರಂಟಿ ಹೋಗುತ್ತೆ" ಅಂದ.

ನಾನು ಶ್ರೀರಂಗಪಟ್ಟಣಕ್ಕೆ ಬಂದು ಮನೆಯ ಕಾಫಿಪುಡಿ ಡಬ್ಬಿ ಕತ್ತರಿಸಿ ಕ್ರಿಸ್ಟಲ್ಲಿಗೆ ಒಂದು ಪುಟ್ಟ ತಗಡಿನ ಟೋಪಿ ಮಾಡಿದೆ. ತಗಡು ಮುಚ್ಚಿದರೆ ಸದ್ದು ಹೊರಗೆ ಬಾರದು ಅಂತ ನನ್ನ ತರ್ಕ. ಪಾಂಡವಪುರದ ಸೆಟ್ಟನ್ನೇ ಮೇಜಿನ ಮೇಲೆ ತಂದಿಟ್ಟುಕೊಂಡು ಬಹಳ ಪ್ರೀತಿಯಿಂದ ಟೋಪಿ ಹಾಕಿದೆ. ಸೀಟಿ ದುಪ್ಪಟ್ಟಾಯಿತು. ಟೋಪಿ ಆ ಸದ್ದಿಗೆ ಕಹಳೆಯ ಕೆಲಸ ಮಾಡುತ್ತಿತ್ತು.

ಸಾಹೇಬರಿಗೆ ಈ ಸುದ್ದಿ ಹೇಳಲು ಕೆ.ಆರ್.ಎಸ್.ಗೆ ಹೋದೆ. ಚೀಫ್ ಸಾಹೇಬರು ಬರುವುದು ಮುಂದಿನ ವಾರಕ್ಕೆ ಗೊತ್ತಾಗಿದೆ ಅಂದರು. ಕಂಪನಿಯ ಇಂಜಿನಿಯರೂ ಕರಾರು ಪತ್ರ ಹಿಡಿದು ಬರುತ್ತಾನಂತೆ. ಸಾಹೇಬರೂ ಪಾಪ ಬೇಸರದಲ್ಲಿದ್ದರು. "ಏನ್ ಮಾಡೋದಯ್ಯ, ಬೈದ್ರೂ ಕೇಳೋರಿಲ್ಲ. ಅಕ್ಕಿಹೆಬ್ಬಾಳಿನವನೊಬ್ಬನೇ ವಾಸಿ. ಬೈದ್ರೆ ತಿರುಗಿ 'ಸಾರಿ ಸಾರ್, ಓವರ್' ಅಂತಾನೆ. ಅದಕ್ಕೇ ಈಗ ನಾಲ್ಕೂ ಜನದ ಪಾಲಿಂದು ಅವನಿಗೇ ಬೈತಿದ್ದೀನಿ."

ನಾನು ಎದ್ದು ನಿಂತೆ. "ಸಾರ್! ಅವನು ಸಾರಿ ಅಂತಾನಾ?"

"ಹೂಂ, ದಿನಾ."

"ಹಾಗಾದ್ರೆ ಅವನಿಗೆ ಕೇಳಿಸ್ತಾ ಇದೆ ಸಾರ್!"

ಇಷ್ಟು ದಿನ ಇದು ಸಾಹೇಬರಿಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ದೂರು ಬಾರದ ಸ್ಟೇಷನ್ನಿಗೆ ಹೋಗುವ ಅಭ್ಯಾಸ ನಮ್ಮ ಇಲಾಖೆಯಲ್ಲೇ ಇಲ್ಲ.

೬. ಅಕ್ಕಿಹೆಬ್ಬಾಳಿನ ಉಪಚಾರ

ರೈಲಿಳಿದು ಹೇಮಾವತಿ ಕಡೆಗಿನ ಸ್ಟೇಷನ್ನಿಗೆ ನಡೆದುಹೋದೆ. ಆಪರೇಟರು ಸಣಕಲು ಆಸಾಮಿ. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಕಂಡ ತಕ್ಷಣ ಅವನ ಬಣ್ಣ ಇಳಿಯಿತು.

"ಬನ್ನಿ ಸಾ, ಎಳ್ನೀರ್ ಕುಡೀರಿ."

ಕುಡಿದೆ. ಸೆಟ್ಟಿನ ಕಡೆ ನಡೆದೆ. "ಉಪ್ಪಿಟ್ ತಿನ್ನಿ ಸಾ, ನಮ್ಮನೇಲಿ ಬಿಸಿಯಾಗಿ ಮಾಡವ್ರೆ." ತಿಂದೆ. ಮತ್ತೆ ಸೆಟ್ಟಿನ ಕಡೆ ನಡೆದೆ. "ಕಾಪಿ ಬತ್ತಾ ಐತೆ, ಕೂತ್ಕಳಿ ಸಾ." ಕಾಫಿಯೂ ಆಯಿತು. ಎಲೆ ಅಡಿಕೆಯೂ ಆಯಿತು. ಹೊಳೆಯಲ್ಲಿ ಮೀನು ಹಿಡಿಸಿ ಸಾರು ಮಾಡಿಸುತ್ತೇನೆ, ಮಲಗಿ ಎದ್ದು ನೋಡಿ ಅಂದ. ಸೆಟ್ಟು ಮಾತ್ರ ಸೀಟಿ ಹೊಡೆಯದೆ ತಣ್ಣಗೆ ಕೂತಿತ್ತು.

"ಏನಯ್ಯ ಇದು? ಮುಚ್ಚಳ ತೆಗೀತೀನಿ ಅಂದ್ರೆ ನೀನು ಬೀಗರಿಗೆ ಮಾಡೋ ಹಾಗೆ ಉಪಚಾರ ಮಾಡ್ತಿದ್ದೀಯಲ್ಲ!"

"ಚೆನ್ನಾಗೇ ಐತಲ್ಲ ಸಾ, ಯಾಕ್ ಬಿಚ್ಚೀರಿ?"

ಬಿಚ್ಚಿದೆ. ಒಳಗಿಂದ ಅರಿಶಿನ ಕುಂಕುಮದ ವಾಸನೆ ಬಂತು. ಕ್ರಿಸ್ಟಲ್ಲಿನ ಸೊಂಟಕ್ಕೆ ಒಂದು ತಾಮ್ರದ ತಂತಿ ಬಿಗಿಯಾಗಿ ಸುತ್ತಿತ್ತು. ಅದರ ಇನ್ನೊಂದು ತುದಿ ಸೆಟ್ಟಿನ ಕಬ್ಬಿಣದ ಮೈಗೆ, ಒಂದು ಸ್ಕ್ರೂವಿಗೆ ಕಟ್ಟಿತ್ತು. ನಾನು ಬೆರಗಾಗಿ ನಿಂತೆ. ಆಪರೇಟರು ಅಳುವುದೊಂದು ಬಾಕಿ.

"ತಪ್ಪಾಯ್ತು ಸಾ. ಕೆಲ್ಸದಿಂದ ತೆಗುಸ್ಬುಡ್ಬೇಡಿ. ನೀವು ಈ ಕಾರ್ಡ್ ಹಾಕ್ದಾಗ ನಾನು ಬಗ್ಗಿ ನೋಡ್ದೆ. ಕಂಪ್ನಿಯವ್ರು ಸೆಟ್ಗೆ ದೃಷ್ಟಿ ಆಗ್ದಿರ್ಲಿ ಅಂತ ಬೆಳ್ಳಿ ತಾಯಿತ ಹಾಕವ್ರೆ. ಹಾಕೋದೇನೋ ಹಾಕವ್ರೆ, ಮೈಗೆ ತಾಗ್ದಂಗೆ ಅಂತರವಾಗಿ ನಿಲ್ಸವ್ರೆ. ತಾಯಿತ ಅಂದ್ಮೇಲೆ ಮೈಗೆ ತಾಗಬೇಕಲ್ವಾ ಸಾ? ಬೆಂಗಳೂರ್ನೋರ್ಗೆ ಅದು ಏನ್ ಗೊತ್ತಾದದು? ದಾರ ಕಟ್ಟಿದ್ರೆ ಸೆಟ್ ಕಾವಿಗೆ ಸೀದೋಯ್ತದೆ ಅಂತ ತಾಮ್ರದ ತಂತಿಲಿ ಕಟ್ದೆ."

ನನಗೆ ನಗು ಬಂತು, ನಗುವಿನ ಹಿಂದೆಯೇ ಬೆಳಕೂ ಬಂತು. ನಾಗಮಂಗಲದಲ್ಲಿ ಬೆರಳಿಟ್ಟಾಗ ಸದ್ದು ನಿಂತದ್ದು ನನ್ನ ಮೈಯ ಮೂಲಕ ಅದಕ್ಕೆ ನೆಲ, ಅಂದರೆ ಅರ್ಥಿಂಗು, ಸಿಕ್ಕಿದ್ದರಿಂದ. ಕ್ರಿಸ್ಟಲ್ಲಿನ ಡಬ್ಬಿಯನ್ನು ಸೆಟ್ಟಿನ ಮೈಗೆ ಸೇರಿಸಿದರೆ ಆ ಕಳ್ಳದನಿ ಗಾಳಿಗೆ ಹಾರದೆ ಮೈಯಲ್ಲೇ ಇಳಿದುಹೋಗುತ್ತದೆ. ನಾನು ತಲೆಗೆ ಟೋಪಿ ಹಾಕಿದ್ದೆ, ಕಾಲಿಗೆ ನೆಲ ತೋರಿಸಿರಲಿಲ್ಲ. ಈ ಪುಣ್ಯಾತ್ಮ ದೃಷ್ಟಿಗೆ ಹೆದರಿ ಮಾಡಿದ್ದು ಸರಿಯಾಗಿ ಅದೇ ಕೆಲಸ. ಅದಕ್ಕಿಂತ ದೊಡ್ಡ ಸಂತೋಷ ಅಂದರೆ, ಇದಕ್ಕೆ ಒಂದು ಹನಿ ಸಾಲ್ಡರ್ ಬೇಕಾಗಿಲ್ಲ. ಕಟ್ಟಿದರೆ ಸಾಕು! ನಾನು ಅವನನ್ನು ತಬ್ಬಿಕೊಂಡೆ. ಅವನು ಇದು ಸಸ್ಪೆಂಡ್ ಮಾಡುವ ಹೊಸ ವಿಧಾನ ಇರಬೇಕು ಅಂತ ಇನ್ನಷ್ಟು ನಡುಗಿದ.

ಸಮಾಧಾನ ಆದ ಮೇಲೆ ಅವನು ಗುಟ್ಟಾಗಿ ಕೇಳಿದ. "ಒಂದ್ ಮಾತು ಸಾ. ದೃಷ್ಟಿ ತಾಗ್ದಿರ್ಲಿ ಅಂತ ಕಟ್ದೆ. ಅವತ್ನಿಂದ ಸಾಯೇಬ್ರ ಬೈಗ್ಳ ಎಲ್ಲಾ ನಂಗೊಬ್ನಿಗೇ ತಾಗ್ತಾ ಐತೆ. ಬಿಚ್ಬುಡ್ಲಾ?"

೭. ಚೀಫ್ ಸಾಹೇಬರು ಮತ್ತು ಬಸ್ಸಾರು

ಉಳಿದ ಮೂರು ಸ್ಟೇಷನ್ನಿಗೂ ಓಡಾಡಿ ತಾಮ್ರದ ತಂತಿ ಕಟ್ಟಿ ಬಂದೆ. ಪಾಂಡವಪುರದವನು ಸೀಟಿ ನಿಂತದ್ದನ್ನು ಕೇಳಿ, "ಮುಗೀತು ಬುಡಿ ಸಾ ನಮ್ ಒಳ್ಳೇ ಕಾಲ" ಅಂತ ನಿಟ್ಟುಸಿರು ಬಿಟ್ಟ. ಕೆ.ಆರ್. ಪೇಟೆಯವನು "ಆಯ್ತು ಸಾ" ಅಂದ. ನಾಗಮಂಗಲದ ಮೀಸೆಯವನಿಗೆ ಮಾತ್ರ ನಂಬಿಕೆ ಬರಲಿಲ್ಲ. "ಒಂದ್ ಎಳೆ ತಂತಿ ನಮ್ಮವ್ವನ ಬೆರ್ಳಿನ ಸಮ ಆದದಾ ಸಾ?" ಅಂದ. ನಾನು ನಕ್ಕು ಬಸ್ಸು ಹತ್ತಿದೆ. ಅಲ್ಲೇ ನಿಂತು ಇನ್ನೊಂದು ಸಲ ಹೇಳಬೇಕಾಗಿತ್ತು.

ಆ ದಿನ ಬಂತು. ಕೆ.ಆರ್.ಎಸ್.ನ ವೈರ್‌ಲೆಸ್ ಕೋಣೆಯಲ್ಲಿ ಚೀಫ್ ಸಾಹೇಬರು ಕುರ್ಚಿಯಲ್ಲಿ, ಅವರ ಪಕ್ಕ ಕಂಪನಿಯ ಇಂಜಿನಿಯರು ಕರಾರಿನ ಫೈಲು ತೊಡೆಯ ಮೇಲಿಟ್ಟುಕೊಂಡು. ನಮ್ಮ ಸಾಹೇಬರು ಬೆವರು ಒರೆಸಿಕೊಳ್ಳುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ನಾಳೆಯಿಂದ ಸಾಲ್ಡರಾ, ಸಿಮೆಂಟಾ ಅನ್ನುವುದು ಇನ್ನೊಂದು ಗಳಿಗೆಯಲ್ಲಿ ತೀರ್ಮಾನ.

ಚೀಫ್ ಸಾಹೇಬರು ಮೈಕು ಒತ್ತಿದರು. "ಪಾಂಡವಪುರ, ನಾಲೆಯಲ್ಲಿ ನೀರು ಎಷ್ಟಿದೆ?" ಥಟ್ಟನೆ ಉತ್ತರ ಬಂತು, ಕೇಳಿದ ಪ್ರಶ್ನೆಗೇ. ಕೆ.ಆರ್. ಪೇಟೆಯಿಂದ ಎರಡೇ ಮಾತಿನಲ್ಲಿ ಬಂತು. ಅಕ್ಕಿಹೆಬ್ಬಾಳನ್ನು ಕರೆದ ತಕ್ಷಣ, ಅವರು ಬಾಯಿಬಿಡುವ ಮುಂಚೆಯೇ, "ಸಾರಿ ಸಾರ್, ಓವರ್" ಅಂತ ಬಂತು. "ಯಾಕಯ್ಯ ಸಾರಿ?" ಅಂದರು ಚೀಫ್. "ಅಭ್ಯಾಸ ಸಾ" ಅಂದ. ಮಟ್ಟವನ್ನು ಮಾತ್ರ ಸರಿಯಾಗಿ ಹೇಳಿದ. ಕಂಪನಿಯ ಇಂಜಿನಿಯರ ಕುರ್ಚಿ ಕಿರುಗುಟ್ಟಿತು.

ಕೊನೆಗೆ ನಾಗಮಂಗಲ. ಮೀಸೆಯವನು ಗತ್ತಿನಿಂದ ಮಟ್ಟ ಒಪ್ಪಿಸಿದ. ಅವನ ಹಿಂದಿನಿಂದ ಇನ್ನೊಂದು ದನಿ, ಸುಗ್ಗಿ ಕಣದ ದನಿ, ನೇರವಾಗಿ ಕೆ.ಆರ್.ಎಸ್. ಕೋಣೆಯೊಳಕ್ಕೆ ಬಂತು.

"ಆಯ್ತೇನ್ಲಾ ಮಗ? ಬೆಳ್ಳು ತೆಗೀಲಾ? ಒಲೆ ಮ್ಯಾಲೆ ಎಸ್ರು ಕುದೀತಾ ಐತೆ!"

ಚೀಫ್ ಸಾಹೇಬರು ಮೈಕನ್ನೇ ನೋಡಿದರು. "ಯಾರ್ರೀ ಅದು? ಯಾವ ಬೆರಳು?"

ಕಂಪನಿಯ ಇಂಜಿನಿಯರು ಎದ್ದೇಬಿಟ್ಟ. "ನೋಡಿ ಸಾರ್! ನಾನು ಹೇಳಿರ್ಲಿಲ್ವಾ? ಮನೆಯವರ ಕೈಲಿ ಕ್ರಿಸ್ಟಲ್ ಹಿಡಿಸ್ಕೊಂಡು ಸ್ಟೇಷನ್ ನಡೆಸ್ತಿದ್ದಾರೆ. ಇದು ರಿಪೇರಿನಾ?"

ತಂತಿ ಕಟ್ಟಿದ್ದು ನನ್ನ ಕೈಯಾರೆ. ಆದರೆ ಆ ಮೀಸೆಯವನು ಬಿಚ್ಚಿಬಿಟ್ಟಿದ್ದರೆ? "ಸಾರ್, ಬೆರಳಿನ ಅಗತ್ಯ ಇಲ್ಲ. ತೆಗೆಯೋಕೆ ಹೇಳಿ, ನೋಡಿ" ಅಂದೆ.

ಚೀಫ್ ಸಾಹೇಬರು ಮೈಕು ಒತ್ತಿದರು. "ಅಮ್ಮ, ಬೆರಳು ತೆಗೀರಿ."

"ತೆಗುದ್ರೆ ಕೇಳ್ಸಾಕಿಲ್ಲ ಸಾಮಿ. ನನ್ ಮಗ ಏಳವ್ನೆ."

"ಪರವಾಗಿಲ್ಲ, ತೆಗೀರಿ."

"ಅಂಗಾರೆ ತೆಗುದೆ" ಅಂತ ಬಂತು, ಮೈಕು ಬಿಟ್ಟ ಸದ್ದೂ ಬಂತು. ಚೀಫ್ ಸಾಹೇಬರು ಸ್ವಲ್ಪ ಯೋಚಿಸಿದರು. ಆಮೇಲೆ ಯಾರೂ ಮೊದಲೇ ಹೇಳಿಕೊಟ್ಟಿರಲಾರದ ಪ್ರಶ್ನೆ ಕೇಳಿದರು, ಅದೂ ಮೆಲುದನಿಯಲ್ಲಿ. "ಅಮ್ಮ, ಇವತ್ತು ನಿಮ್ಮ ಮನೇಲಿ ಏನು ಸಾರು?"

ಉತ್ತರ ಇಲ್ಲ. ಸೆಟ್ಟಿನಿಂದ ಬರೀ 'ಸ್‌ಸ್' ಅನ್ನುವ ಗಾಳಿ. ಕಂಪನಿಯ ಇಂಜಿನಿಯರು ಫೈಲಿನ ದಾರ ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದ. ನಮ್ಮ ಸಾಹೇಬರು ಕಣ್ಣು ಮುಚ್ಚಿಕೊಂಡರು. ನನಗೆ ಗೋದಾಮಿನ ಸಿಮೆಂಟ್ ಧೂಳು ಮೂಗಿಗೇ ಬಡಿದ ಹಾಗಾಯಿತು.

ಮೈಕು ಒತ್ತಿದ ಸದ್ದು. ಏದುಸಿರು. "ಉಳ್ಳಿಕಾಳ್ ಬಸ್ಸಾರು ಕಣ್ ಸಾಮಿ! ಒಲೆ ತಾವ್ಕೆ ಓಗಿದ್ದೆ, ಅಲ್ಲಿಗೇ ಕೇಳುಸ್ತು ನಿಮ್ ದನಿ. ಬಿಸಿ ಮುದ್ದೆ ತಿರುವ್ತೀನಿ, ಉಂಡೋಗಿ ಬನ್ನಿ!"

ಚೀಫ್ ಸಾಹೇಬರು ಮೇಜು ತಟ್ಟಿ ನಕ್ಕರು. ಅಡುಗೆಮನೆವರೆಗೂ ಕೇಳಿಸುವ ವೈರ್‌ಲೆಸ್ಸು ಅವರ ಸರ್ವೀಸಿನಲ್ಲೇ ಕಂಡಿರಲಿಲ್ಲವಂತೆ. ಕಂಪನಿಯ ಇಂಜಿನಿಯರು ನನ್ನ ಕಡೆ ತಿರುಗಿ, "ಕಾರ್ಡಿಗೆ ಸಾಲ್ಡರ್ ಮಾಡಿದ್ದೀರಾ? ವಾರಂಟಿ—" ಅಂದ.

"ಮಾಡಿಲ್ಲ ಸಾರ್. ಕಟ್ಟಿದ್ದೀವಿ" ಅಂದೆ. ಅಷ್ಟು ರುಚಿಯಾದ ಮಾತು ನಾನು ಜೀವನದಲ್ಲಿ ಆಡಿಲ್ಲ.

ಚೀಫ್ ಸಾಹೇಬರು ಅವನ ಫೈಲನ್ನು ತಾವೇ ಮುಚ್ಚಿ ಅವನ ಕೈಗೆ ಕೊಟ್ಟರು. "ವರ್ಕ್‌ಶಾಪ್ ಶ್ರೀರಂಗಪಟ್ಟಣದಲ್ಲೇ ಇರ್ಲಿ. ನಿಮ್ಮ ಹೊಸ ಕಾರ್ಡುಗಳೂ ಇನ್ಮೇಲೆ ಇವರ ಹತ್ರ ತಂತಿ ಕಟ್ಟಿಸ್ಕೊಂಡೇ ಬರ್ಲಿ." ನಮ್ಮ ಸಾಹೇಬರು ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. ಕಣ್ಣು ಒದ್ದೆಯಾಯಿತು, ಮರೆಮಾಚಲಿಲ್ಲ.

ಅಷ್ಟರಲ್ಲಿ ಸೆಟ್ಟಿನಿಂದ ಮತ್ತೆ ಸುಗ್ಗಿ ಕಣದ ದನಿ ಎದ್ದಿತು. ನಾಗಮಂಗಲದವನು ಗಾಬರಿಯಲ್ಲಿ ಮೈಕಿನ ಗುಂಡಿ ಒತ್ತಿಕೊಂಡೇ ಇದ್ದ. ಒಂದೇ ಚಾನೆಲ್ಲು, ಉಳಿದ ಸ್ಟೇಷನ್ನುಗಳಿಗೂ ಒಂದಕ್ಷರ ಬಿಡದೆ ಕೇಳುತ್ತಿತ್ತು.

"ಅಲ್ಲ ಕಣ್ಲಾ, ಬೆಳ್ಳು ತೆಗುದ್ರೂ ಕೇಳ್ತದಲ್ಲ! ಅಂಗಾರೆ ಇಷ್ಟ್ ದಿನ ಒಲೆ ಬುಡ್ಸಿ ನನ್ನ ಯಾಕ್ಲಾ ಇಲ್ಲಿ ಕೂರಿಸ್ಕಂಡಿದ್ದೆ? ನಿನ್ ಮೀಸೆಗಿಷ್ಟು! ನಾಚ್ಕೆ ಆಗಾಕಿಲ್ವಾ ನಿಂಗೆ?"

ಗುಂಡಿ ಬಿಟ್ಟ ಸದ್ದಾಯಿತು. ಆಮೇಲೆ ಹೇಮಾವತಿ ದಡದಿಂದ ಒಂದು ಸಣ್ಣ ದನಿ, ಸೀಟಿಯ ಸೋಂಕೂ ಇಲ್ಲದೆ, ಬಹಳ ವಿನಯದಿಂದ ಬಂತು.

"ಸಾರಿ ಅವ್ವ. ಓವರ್."